ಹೊಸ ಕಾದಂಬರಿಗೆ ಓದುಗರನ್ನು ಹುಡುಕುವ ಕೆಲಸ: ನನ್ನ ಅನುಭವ

ಗ್ರಂಥಾಲಯದಲ್ಲಿ ಹೊಸದಾಗಿ ಬರುವ ಐತಿಹಾಸಿಕ, ಪ್ರಣಯ ಮತ್ತು ಹದಿಹರೆಯದವರ ಕಾದಂಬರಿಗಳನ್ನು ಓದಿ, ಕೇಳಿದವರಿಗೆ ತಕ್ಕದ್ದನ್ನು ಸೂಚಿಸುವುದು ನನ್ನ ಕೆಲಸ. ‘ಹೊಸದು ಏನಾದರೂ ಚೆನ್ನಾಗಿರುವುದು ಇದೆಯೇ?’ ಎಂದು ಕೇಳುವವರಿಗೆ ತಟ್ಟನೆ ಒಂದು ಹೆಸರು ಹೇಳಿಬಿಡಬಹುದು. ಆದರೆ ಹಾಗೆ ಬಾಯಿಗೆ ಬರುವುದು ನನಗೆ ಹಿಡಿಸಿದ ಪುಸ್ತಕದ ಹೆಸರು. ಅದು ಕೇಳಿದವರಿಗೂ ಹಿಡಿಸಬೇಕೆಂದೇನೂ ಇಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎನ್ನುತ್ತದೆ, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎನ್ನುತ್ತದೆ. ಹೊಸ ಕಾದಂಬರಿಗಳ ಮಟ್ಟಿಗೆ ನನ್ನ ಮನಸ್ಸು ಹೆಚ್ಚು ವಾಲುವುದು ಮೂರನೆಯ ಸೂತ್ರದ ಕಡೆಗೆ. ಹೆಸರಾದ ಕೃತಿ ತನ್ನ ಓದುಗರನ್ನು ತಾನೇ ಸೆಳೆದುಕೊಳ್ಳುತ್ತದೆ. ಮೊದಲ ಕೃತಿ ಬರೆದವರ ಪುಸ್ತಕಕ್ಕೆ ಆ ಬಲವಿಲ್ಲ, ಯಾರಾದರೂ ಅದನ್ನು ಎತ್ತಿ ಸರಿಯಾದವರ ಕೈಗೆ ಕೊಡಬೇಕು.

ಬಂದವರನ್ನು ನಾನು ‘ನಿಮಗೆ ಯಾವ ಬಗೆಯ ಕಾದಂಬರಿ ಇಷ್ಟ?’ ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ‘ಐತಿಹಾಸಿಕ’ ಎಂದೋ ‘ಪ್ರೇಮಕಥೆ’ ಎಂದೋ ಉತ್ತರ ಬರುತ್ತದೆ, ಅದರಿಂದ ನನಗೆ ಕಪಾಟು ಯಾವುದೆಂದು ತಿಳಿಯುತ್ತದೆಯೇ ಹೊರತು ಪುಸ್ತಕ ಯಾವುದೆಂದು ತಿಳಿಯುವುದಿಲ್ಲ. ಅದರ ಬದಲು, ಈಚೆಗೆ ಓದಿ ಮೆಚ್ಚಿದ ಒಂದು ಪುಸ್ತಕದ ಬಗ್ಗೆ ಮಾತಾಡಿ ಎಂದು ಕೇಳಿಕೊಂಡು, ಅವರು ಬಳಸುವ ಮಾತುಗಳಿಗೆ ಕಿವಿಗೊಡುತ್ತೇನೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಕಾದಂಬರಿಯೊಳಗೆ ಹೋಗಲು ನಾಲ್ಕು ಬಾಗಿಲುಗಳಿವೆ ಎಂದು ಹೇಳಿದ್ದಾರೆ: ಕಥೆ, ಪಾತ್ರ, ಪರಿಸರ, ಭಾಷೆ. ಈ ವಿಂಗಡಣೆ ನನಗೆ ನಿತ್ಯವೂ ಉಪಯೋಗಕ್ಕೆ ಬರುತ್ತದೆ. ‘ಕೆಳಗಿಡಲಾಗದೆ ಒಂದೇ ರಾತ್ರಿಯಲ್ಲಿ ಮುಗಿಸಿದೆ’ ಎನ್ನುವವರು ಕಥೆಯ ಬಾಗಿಲಿನಿಂದ ಹೋದವರು. ‘ಆ ಮುದುಕಿ ಇನ್ನೂ ಕಣ್ಣ ಮುಂದೆಯೇ ಇದ್ದಾಳೆ’ ಎನ್ನುವವರಿಗೆ ಬೇಕಾದದ್ದು ಪಾತ್ರ. ‘ಆ ಕಾಲದಲ್ಲೇ ಇದ್ದು ಬಂದಂತಾಯಿತು’ ಎಂದರೆ ಪರಿಸರ; ಮೆಚ್ಚಿದ ಸಾಲನ್ನು ಬರೆದಿಟ್ಟುಕೊಂಡು ಬಂದು ತೋರಿಸುವವರು ಭಾಷೆಯ ಓದುಗರು. ಇದಾದ ಮೇಲೆ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಎಂದೂ ಕೇಳುತ್ತೇನೆ. ಮೆಚ್ಚುಗೆಯ ಮಾತಿನಲ್ಲಿ ಸಂಕೋಚದಿಂದ ಮುಚ್ಚಿಟ್ಟದ್ದು ಬೇಸರದ ಮಾತಿನಲ್ಲಿ ಹೊರಬರುತ್ತದೆ.

ಐತಿಹಾಸಿಕ ಕಾದಂಬರಿಯಲ್ಲಿ ಈ ಆಲಿಸುವಿಕೆ ಎಷ್ಟಿದ್ದರೂ ಸಾಲದು. ಯಾವುದನ್ನು ಐತಿಹಾಸಿಕ ಎನ್ನಬೇಕು ಎಂಬುದಕ್ಕೆ ಅಳತೆಗೋಲುಗಳಿವೆ: ಬ್ರಿಟನ್ನಿನಲ್ಲಿ ಐತಿಹಾಸಿಕ ಕಾದಂಬರಿಗಳಿಗೆಂದೇ ಕೊಡುವ ವಾಲ್ಟರ್ ಸ್ಕಾಟ್ ಪ್ರಶಸ್ತಿಯು ಕಥೆಯ ಬಹುಪಾಲು ಕನಿಷ್ಠ 60 ವರ್ಷಗಳ ಹಿಂದೆ ನಡೆದಿರಬೇಕು ಎನ್ನುತ್ತದೆ, ಇಂಥ ಕಾದಂಬರಿಗಳ ಲೇಖಕರು ಮತ್ತು ಓದುಗರ ಸಂಘವಾದ ಹಿಸ್ಟಾರಿಕಲ್ ನಾವೆಲ್ ಸೊಸೈಟಿ 50 ವರ್ಷಗಳ ಅಂತರವನ್ನು ಒಪ್ಪುತ್ತದೆ. ಓದುಗರಿಗೆ ಈ ಲೆಕ್ಕ ಮುಖ್ಯವಲ್ಲ. ಎರಡನೆಯ ಮಹಾಯುದ್ಧದ ಕಾದಂಬರಿಯೊಂದನ್ನು ಮೆಚ್ಚಿದವರಿಗೆ ಅದೇ ಯುದ್ಧದ ಇನ್ನೊಂದನ್ನು ಕೊಡುವುದು ವಾಡಿಕೆ. ಆದರೆ ಅವರು ಮೆಚ್ಚಿದ್ದು ಯುದ್ಧವನ್ನಲ್ಲ, ಗುಟ್ಟಾಗಿ ಅಪಾಯದ ಕೆಲಸ ಮಾಡುವ ಸಾಮಾನ್ಯ ಹೆಂಗಸರ ಧೈರ್ಯವನ್ನು ಎಂದು ಮಾತಿನಿಂದ ಗೊತ್ತಾದರೆ, ಮುನ್ನೂರು ವರ್ಷ ಹಿಂದಿನ, ಬೇರೊಂದು ಖಂಡದ ಕಥೆಯೂ ಅವರಿಗೆ ಒಗ್ಗುತ್ತದೆ. ಇನ್ನು ಒಂದು ಕಾಲಘಟ್ಟವನ್ನು ಆಳವಾಗಿ ಬಲ್ಲ ಓದುಗರಿದ್ದಾರೆ. ಅವರ ವಿಶ್ವಾಸ ಒಂದೇ ತಪ್ಪು ವಿವರದಿಂದ ಮುರಿದುಬೀಳುತ್ತದೆ. ಅವರಿಗಾಗಿ ನಾನು ಹೊಸ ಐತಿಹಾಸಿಕ ಕಾದಂಬರಿಯನ್ನು ಕೊನೆಯ ಲೇಖಕರ ಟಿಪ್ಪಣಿಯಿಂದ ಓದಲು ತೊಡಗುತ್ತೇನೆ. ಯಾರು ನಿಜವಾಗಿ ಬದುಕಿದ್ದವರು, ಯಾರು ಕಲ್ಪಿತರು, ಯಾವ ಘಟನೆಯನ್ನು ಹಿಂದೆ ಮುಂದೆ ಸರಿಸಲಾಗಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ಲೇಖಕರನ್ನು ನಂಬಬಹುದು ಎಂಬುದು ನನ್ನ ಅಭಿಪ್ರಾಯ. ಆಮೇಲೆ ಸಣ್ಣ ಸಂಗತಿಗಳನ್ನು ಗಮನಿಸುತ್ತೇನೆ. ಅಂಚೆಚೀಟಿ ಬಳಕೆಗೆ ಬಂದದ್ದು 1840ರಲ್ಲಿ, ಗೀರಿ ಹೊತ್ತಿಸುವ ಬೆಂಕಿಕಡ್ಡಿ ಮಾರಾಟಕ್ಕೆ ಬಂದದ್ದು 1827ರಲ್ಲಿ. ಅದಕ್ಕೂ ಹಿಂದಿನ ಕಥೆಯಲ್ಲಿ ಇವು ಕಾಣಿಸಿಕೊಂಡರೆ, ಕಾಣದ ಕಡೆಯೂ ಎಚ್ಚರ ಸಾಲದೆಂದೇ ತಿಳಿಯಬೇಕಾಗುತ್ತದೆ. ವಸ್ತುಗಳಿಗಿಂತ ದೊಡ್ಡ ದೋಷ ಮನೋಧರ್ಮದ್ದು: ಹದಿನಾರನೆಯ ಶತಮಾನದ ಹುಡುಗಿ ಇಂದಿನ ಹುಡುಗಿಯ ಹಾಗೆಯೇ ಯೋಚಿಸಿದರೆ ಓದಿಗೆ ಹಗುರವೆನಿಸುತ್ತದೆ, ಆದರೆ ಆ ಕಾಲಕ್ಕೆ ಹೋಗಿ ಬರಬೇಕೆಂದಿದ್ದವರಿಗೆ ಪ್ರಯಾಣವೇ ಆಗಿರುವುದಿಲ್ಲ. ಇತಿಹಾಸದ ಉಡುಪಿನಲ್ಲಿ ಇಂದಿನ ಕಥೆಯನ್ನೇ ಬಯಸುವ ಓದುಗರೂ ಇದ್ದಾರೆ, ಅವರ ಬಯಕೆಯಲ್ಲಿ ತಪ್ಪೇನೂ ಇಲ್ಲ. ಅಂಥ ಕಾದಂಬರಿಯನ್ನು ನಾನು ಅವರಿಗಾಗಿಯೇ ತೆಗೆದಿಡುತ್ತೇನೆ.

ಇತಿಹಾಸ ಮತ್ತು ಪ್ರಣಯ ಕೂಡುವ ಕಡೆ ಇನ್ನಷ್ಟು ಜಾಗ್ರತೆ ಬೇಕು. ಇಂಗ್ಲೆಂಡಿನಲ್ಲಿ 1811ರಿಂದ 1820ರವರೆಗಿನ, ರಾಜನ ಪರವಾಗಿ ಯುವರಾಜ ಆಳಿದ ರೀಜೆನ್ಸಿ ಕಾಲದ ಹಿನ್ನೆಲೆಯ ಪ್ರೇಮಕಥೆಗಳು ಹೊಸದಾಗಿ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವುಗಳಿಗೆ ಇತಿಹಾಸವು ರಂಗಸಜ್ಜಿಕೆ ಮಾತ್ರ. ಇತಿಹಾಸದ ಓದುಗರಿಗೆ ಅವನ್ನು ಕೊಟ್ಟರೆ ತೆಳುವೆನಿಸುತ್ತದೆ, ಪ್ರಣಯದ ಓದುಗರಿಗೆ ದಟ್ಟ ಇತಿಹಾಸವಿರುವುದನ್ನು ಕೊಟ್ಟರೆ ನಾಯಕ ನಾಯಕಿಯರು ಭೇಟಿಯಾಗುವುದು ಯಾವಾಗ ಎಂಬ ಕಾತರದಲ್ಲೇ ಪುಟಗಳು ಕಳೆಯುತ್ತವೆ.

ಪ್ರಣಯ ಕಾದಂಬರಿ ತನ್ನ ಓದುಗರೊಡನೆ ಒಂದು ಒಪ್ಪಂದ ಮಾಡಿಕೊಂಡಿರುತ್ತದೆ: ಒಲವು ಕಥೆಯ ಕೇಂದ್ರದಲ್ಲಿರುತ್ತದೆ, ಕೊನೆಯಲ್ಲಿ ಭರವಸೆ ಇರುತ್ತದೆ. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘಟನೆ ಕೊಟ್ಟ ವ್ಯಾಖ್ಯೆಯೂ ಈ ಎರಡನ್ನೇ ಹೇಳುತ್ತದೆ. ಸಾವಿನಲ್ಲೋ ಅಗಲಿಕೆಯಲ್ಲೋ ಮುಗಿಯುವ ಒಳ್ಳೆಯ ಕಾದಂಬರಿಗಳು ಬೇಕಾದಷ್ಟಿವೆ, ಆದರೆ ಅವನ್ನು ಪ್ರಣಯ ಕಾದಂಬರಿಯ ಹೊದಿಕೆಯಲ್ಲಿ ಮಾರುವುದು ಆ ಒಪ್ಪಂದಕ್ಕೆ ದ್ರೋಹವೆಂದೇ ನಾನು ಭಾವಿಸುತ್ತೇನೆ. ಅಂಥದ್ದನ್ನು ಕೊಡುವಾಗ ಕಥೆಯ ಗುಟ್ಟು ಬಿಡದೆ, ‘ಕೊನೆಗೆ ಸುಖ ಸಿಗುತ್ತದೆಂದು ನಂಬಿ ಹೊರಡಬೇಡಿ’ ಎಂದಷ್ಟು ಹೇಳುತ್ತೇನೆ. ಇದರಾಚೆಗೆ ಕೇಳಬೇಕಾದದ್ದು ಒಲವು ಬೆಳೆಯುವ ಬಗೆಯನ್ನು: ಹಗೆತನ ಕರಗಿ ಒಲವಾಗುವುದೋ, ತೋರಿಕೆಗೆಂದು ಕಟ್ಟಿಕೊಂಡ ಸಂಬಂಧ ನಿಜವಾಗುವುದೋ, ಅಗಲಿದವರು ಮತ್ತೆ ಕೂಡುವುದೋ, ಅವಸರವಿಲ್ಲದೆ ಸ್ನೇಹವೇ ಮಾಗುವುದೋ. ಶಯ್ಯೆಯ ದೃಶ್ಯಗಳು ಎಷ್ಟು ಬಿಚ್ಚುಮಾತಿನವು ಎಂಬುದನ್ನು ಓದುಗರು ಕೇಳಲು ನಾಚುತ್ತಾರೆ, ಹಾಗಾಗಿ ಕೇಳುವ ಮೊದಲೇ ನಾನು ಸಹಜ ದನಿಯಲ್ಲಿ ಹೇಳಿಬಿಡುತ್ತೇನೆ. ಪ್ರಣಯ ಕಾದಂಬರಿ ಓದುವವರು ತಮ್ಮ ಆಯ್ಕೆಗೆ ಯಾರಲ್ಲೂ ಕ್ಷಮೆ ಕೇಳಬೇಕಾಗಿಲ್ಲ. ನನ್ನ ಮುಖದಲ್ಲಿ ಕಿರುನಗೆಯ ಒಂದು ಎಳೆ ಕಂಡರೂ ಅವರು ಎರಡನೆಯ ಸಲ ಕೇಳಲು ಬರುವುದಿಲ್ಲ.

ಹದಿಹರೆಯದವರ ಕಾದಂಬರಿಗಳನ್ನು ಸಾಮಾನ್ಯವಾಗಿ 12ರಿಂದ 18 ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಕಟಿಸುತ್ತಾರೆ, ದೊಡ್ಡವರೂ ಅವನ್ನು ಧಾರಾಳವಾಗಿ ಓದುತ್ತಾರೆ. ಇವುಗಳ ಹೊಸ ಕೃತಿಯಲ್ಲಿ ನಾನು ಮೊದಲು ಹುಡುಕುವುದು ದನಿಯನ್ನು. ವಯಸ್ಸಾದ ಮೇಲೆ ಹಿಂದಿರುಗಿ ನೋಡಿ ಬಾಲ್ಯವನ್ನು ನೆನೆಯುವ ದನಿ ಇಲ್ಲಿ ಒಗ್ಗುವುದಿಲ್ಲ. ಹದಿನಾರರ ನೋವನ್ನು ಹದಿನಾರರಲ್ಲೇ ನಿಂತು, ಮುಂದೇನಾಗುತ್ತದೆಂದು ತಿಳಿಯದೆ ಹೇಳಬೇಕು. ಉಪದೇಶದ ವಾಸನೆಯನ್ನು ಈ ಓದುಗರು ಎರಡೇ ಪುಟಗಳಲ್ಲಿ ಹಿಡಿಯುತ್ತಾರೆ. ತಮಗಿಂತ ಒಂದೆರಡು ವರ್ಷ ದೊಡ್ಡ ನಾಯಕ ನಾಯಕಿಯರ ಕಥೆ ಅವರಿಗೆ ಹೆಚ್ಚು ಇಷ್ಟವಾಗುವುದನ್ನೂ ಕಂಡಿದ್ದೇನೆ. ಹೆತ್ತವರು ಜೊತೆಗೆ ಬಂದು ತಾವೇ ಉತ್ತರಿಸತೊಡಗಿದಾಗ, ಅವರ ಮಾತನ್ನು ಗೌರವದಿಂದ ಕೇಳಿಸಿಕೊಂಡು, ಮುಂದಿನ ಪ್ರಶ್ನೆಯನ್ನು ಓದುವವರ ಕಡೆಗೇ ತಿರುಗಿಸುತ್ತೇನೆ. ಆತ್ಮಹತ್ಯೆ, ಹಿಂಸೆ, ಕಿರುಕುಳದಂಥ ಸಂಗತಿಗಳು ಪುಸ್ತಕದಲ್ಲಿದ್ದರೆ ಆ ಹುಡುಗ ಅಥವಾ ಹುಡುಗಿಗೆ ನೇರವಾಗಿಯೇ ತಿಳಿಸುತ್ತೇನೆ. ಹೆದರಿಸುವುದಕ್ಕಲ್ಲ, ಎಲ್ಲಿ ನಿಲ್ಲಿಸಬೇಕೆಂಬ ನಿರ್ಧಾರ ಅವರ ಕೈಯಲ್ಲಿರಲಿ ಎಂದು. ಆಮೇಲೆ ಮೂರು ಪುಸ್ತಕಗಳನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟು ಸ್ವಲ್ಪ ದೂರ ಸರಿಯುತ್ತೇನೆ. ನಾನು ಅಲ್ಲೇ ನಿಂತಿದ್ದರೆ ಅವರು ನನ್ನನ್ನು ಮೆಚ್ಚಿಸಲು ಆರಿಸುತ್ತಾರೆ.

ಬಂದದ್ದೆಲ್ಲವನ್ನೂ ಪೂರ್ತಿ ಓದುವುದು ಯಾರಿಂದಲೂ ಆಗದು. ಮೊದಲ ಅಧ್ಯಾಯ, ನಡುವಿನ ಒಂದು ಅಧ್ಯಾಯ, ಕೊನೆಯ ಕೆಲವು ಪುಟಗಳು, ಇಷ್ಟನ್ನು ಪ್ರತಿಯೊಂದರಲ್ಲೂ ಓದುತ್ತೇನೆ, ಹಿಡಿದಿಟ್ಟದ್ದನ್ನು ಮಾತ್ರ ಪೂರ್ಣ ಓದುತ್ತೇನೆ. ಹಿಂಬದಿಯ ಹೊದಿಕೆಯಲ್ಲಿ ಜನಪ್ರಿಯ ಕೃತಿಯೊಂದರ ಜೊತೆ ಹೋಲಿಸಿರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಪುಸ್ತಕಕ್ಕೂ ಒಂದು ಚೀಟಿ: ನಡಿಗೆ ವೇಗವೋ ನಿಧಾನವೋ, ಕಥೆ ಹೇಳುವವರು ಯಾರು, ಕಾಲ ಮತ್ತು ಸ್ಥಳ, ಮುಕ್ತಾಯದ ಭಾವ, ಮನಸ್ಸಿಗೆ ಭಾರವಾಗುವ ಸಂಗತಿಗಳು. ಕೊನೆಯ ಸಾಲು ‘ಯಾರಿಗೆ ಇಷ್ಟವಾಗದು’ ಎಂಬುದು, ಕೆಲಸಕ್ಕೆ ಬರುವುದು ಎಲ್ಲಕ್ಕಿಂತ ಹೆಚ್ಚು ಇದೇ. ಪುಸ್ತಕ ಕೊಡುವಾಗ ಆ ಸಾಲನ್ನು ಓದುಗರಿಗೂ ಹೇಳುತ್ತೇನೆ. ‘ಮೊದಲ ನೂರು ಪುಟ ನಿಧಾನ’ ಎಂದು ಮೊದಲೇ ತಿಳಿದವರು ಆ ನೂರು ಪುಟಗಳನ್ನು ತಾಳ್ಮೆಯಿಂದ ದಾಟುತ್ತಾರೆ, ತಿಳಿಯದವರು ಮೂವತ್ತಕ್ಕೇ ಬಿಡುತ್ತಾರೆ.

ಬಿಡುವುದಕ್ಕೂ ನಾನು ಅನುಮತಿ ಕೊಟ್ಟೇ ಕಳಿಸುತ್ತೇನೆ. ಇದಕ್ಕೆ ನ್ಯಾನ್ಸಿ ಪರ್ಲ್ ಅವರದ್ದೇ ಒಂದು ನಿಯಮವಿದೆ: 50 ವರ್ಷದವರೆಗಿನವರು ಪುಸ್ತಕಕ್ಕೆ 50 ಪುಟ ಕೊಡಬೇಕು, ಅದಕ್ಕೂ ಮೇಲ್ಪಟ್ಟವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತರ ಹಿರಿಯರಿಗೆ ಮೂವತ್ತೇ ಪುಟ. ಈ ನಿಯಮ ಕೇಳಿದವರು ಹೊಸ ಹೆಸರುಗಳನ್ನು ಧೈರ್ಯವಾಗಿ ಒಯ್ಯುತ್ತಾರೆ. ಪುಸ್ತಕ ಮರಳಿಸಲು ಬಂದಾಗ ‘ಇಷ್ಟವಾಯಿತೇ?’ ಎಂದು ನಾನು ಕೇಳುವುದಿಲ್ಲ, ಅದಕ್ಕೆ ಮರ್ಯಾದೆಗಾಗಿ ಹೌದೆನ್ನುತ್ತಾರೆ. ‘ಎಲ್ಲಿ ನಿಲ್ಲಿಸಿದಿರಿ?’ ಎಂದು ಕೇಳಿದರೆ ನಿಜ ಹೇಳುತ್ತಾರೆ, ನಾನು ಅದನ್ನು ಆ ಪುಸ್ತಕದ ಚೀಟಿಯಲ್ಲಿ ಸೇರಿಸಿ, ಮುಂದಿನದನ್ನು ಅಲ್ಲಿಂದ ಹುಡುಕತೊಡಗುತ್ತೇನೆ.