ಸವೆದ ಬಟ್ಟೆಯಲ್ಲಿ ಮಕ್ಕಳ ಉಡುಪು: ಎಲ್ಲಿ ಕತ್ತರಿಸಬೇಕು, ಹೇಗೆ ಹೊಲಿಯಬೇಕು

ಹಳೆಯ ಬಟ್ಟೆಯಿಂದ ಮಗುವಿಗೆ ಉಡುಪು ಹೊಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಮಾದರಿಯನ್ನು ಆರಿಸಿಕೊಂಡು, ಆಮೇಲೆ ಅದಕ್ಕೆ ಸಾಲುವಷ್ಟು ಬಟ್ಟೆಯನ್ನು ಬೀರುವಿನಲ್ಲಿ ಹುಡುಕುತ್ತಾರೆ. ಹೊಸ ಬಟ್ಟೆಗೆ ಈ ಕ್ರಮ ಸರಿ, ಹಳೆಯದಕ್ಕೆ ಅಲ್ಲ. ಅಂಗಡಿಯಿಂದ ತಂದ ಎರಡು ಮೀಟರ್ ಪಾಪ್ಲಿನ್ ಎಲ್ಲ ಕಡೆಯೂ ಒಂದೇ ಸಮನಾಗಿ ಗಟ್ಟಿಯಿರುತ್ತದೆ. ವರ್ಷಗಟ್ಟಲೆ ತೊಟ್ಟ ಅಂಗಿ ಹಾಗಿರುವುದಿಲ್ಲ. ಕಾಲರಿನ ಮಡಿಕೆ, ತೋಳಿನ ಕಫ್, ಕಂಕುಳು ಮೊದಲು ಸವೆಯುತ್ತವೆ. ಪ್ಯಾಂಟಿನೊಳಗೆ ಸೇರಿಸಿಕೊಳ್ಳುವ ಕೆಳಭಾಗ ಬಹುಮಟ್ಟಿಗೆ ಹೊಸದರಂತೆಯೇ ಉಳಿದಿರುತ್ತದೆ. ಸೀರೆಯಲ್ಲಿ ಹಿಮ್ಮಡಿಗೆ ಉಜ್ಜುವ ಕೆಳಗಿನ ಅಂಚು, ಹೆಗಲ ಮೇಲೆ ಪಿನ್ನು ಚುಚ್ಚುವ ಜಾಗ, ಕುಳಿತಾಗ ಬಿಗಿಯುವ ಹಿಂಭಾಗ ಇವು ದುರ್ಬಲ. ಸೊಂಟದ ಒಳಸುತ್ತು ಗಟ್ಟಿ. ಆದ್ದರಿಂದ ಬಟ್ಟೆಯ ಯಾವ ಭಾಗ ಎಷ್ಟು ಉಳಿದಿದೆ ಎಂದು ಮೊದಲು ನೋಡಿ, ಅಷ್ಟರಲ್ಲಿ ಏನಾಗುತ್ತದೆ ಎಂದು ಆಮೇಲೆ ನಿರ್ಧರಿಸಬೇಕು.

ಪರೀಕ್ಷೆ ಕಷ್ಟವಲ್ಲ. ಒಗೆದು ಇಸ್ತ್ರಿ ಮಾಡಿದ ಬಟ್ಟೆಯನ್ನು ಹಗಲು ಬೆಳಕಿನ ಕಿಟಕಿಗೆ ಅಡ್ಡ ಹಿಡಿದರೆ ತೆಳುವಾದ ಜಾಗಗಳು ತಾವಾಗಿಯೇ ಕಾಣುತ್ತವೆ. ಆ ಬಳಿಕ ಎರಡೂ ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಹಿಡಿದು, ಮೊದಲು ಹಾಸಿನ ಅಂದರೆ ಉದ್ದ ಎಳೆಗಳ ದಿಕ್ಕಿನಲ್ಲಿ, ಆಮೇಲೆ ಹೊಕ್ಕಿನ ಅಂದರೆ ಅಡ್ಡ ಎಳೆಗಳ ದಿಕ್ಕಿನಲ್ಲಿ ಮೆಲ್ಲನೆ ಎಳೆಯಬೇಕು. ಎಳೆಗಳು ಸರಿದು ಬಿರುಕು ಮೂಡಿದರೆ ಆ ಭಾಗವನ್ನು ಸೀಮೆಸುಣ್ಣದಲ್ಲಿ ಸುತ್ತುಹಾಕಿ ಬಿಟ್ಟುಬಿಡಬೇಕು. ಬಟ್ಟೆ ಯಾವುದೆಂದು ಅನುಮಾನವಿದ್ದರೆ ಒಳಹೊಲಿಗೆಯಿಂದ ಒಂದೆರಡು ಎಳೆ ಬಿಡಿಸಿ, ನೀರಿನ ಬೋಗುಣಿಯ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಹಗುರವಾದ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿ ಉಳಿಸುತ್ತದೆ. ಪಾಲಿಯೆಸ್ಟರ್ ಮತ್ತು ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತವೆ. ಕರಗುವ ಬಟ್ಟೆ ಬೆಂಕಿ ತಗುಲಿದಾಗ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆಯ ಹತ್ತಿರ ಸುಳಿಯುವ ಪುಟ್ಟ ಮಕ್ಕಳಿಗೆ, ಅದರಲ್ಲೂ ದೀಪಾವಳಿಯ ಉಡುಪಿಗೆ, ಅದನ್ನು ಬಳಸಲೇಬಾರದು. ಮಂಡ್ಯದ ಕಡೆಯ ಬೇಸಿಗೆಗೂ ಅದು ಹೊಂದುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಬಹಳ ಮನೆಗಳಲ್ಲಿ ಗಮನಿಸುವುದಿಲ್ಲ. ಬೀರುವಿನಲ್ಲಿ ನ್ಯಾಫ್ತಲಿನ್ ಗುಳಿಗೆ, ಅಂದರೆ ನುಸಿಗುಳಿಗೆ, ಹಾಕಿಟ್ಟ ಬಟ್ಟೆಯನ್ನು ನೇರವಾಗಿ ಕೂಸಿಗೆ ತೊಡಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ನ್ಯಾಫ್ತಲಿನ್ ಸೇವನೆಯಿಂದಷ್ಟೇ ಅಲ್ಲ, ಉಸಿರು ಮತ್ತು ಚರ್ಮದ ಮೂಲಕ ಒಳಸೇರಿದರೂ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ, ಮತ್ತು ಆ ಕೊರತೆ ಮನೆಯವರಿಗೆ ಮೊದಲೇ ತಿಳಿದಿರುವುದು ಅಪರೂಪ. ಅಂಥ ಬಟ್ಟೆಯನ್ನು ಹಲವು ದಿನ ಗಾಳಿಗೆ ಹರವಿ, ಒಗೆದು, ವಾಸನೆ ಪೂರ್ತಿ ಹೋದ ಮೇಲೆ ದೊಡ್ಡ ಮಕ್ಕಳ ಉಡುಪಿಗೆ ಬಳಸಬಹುದು. ಎಳೆಗೂಸಿಗಂತೂ ಬೇರೆ ಬಟ್ಟೆಯನ್ನೇ ಆರಿಸುವುದು ಒಳ್ಳೆಯದು.

ಸಾಮಾನು ಹೆಚ್ಚೇನೂ ಬೇಡ. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಾಗಲಿ ಮಂಡ್ಯದ ಪೇಟೆ ಬೀದಿಯಲ್ಲಾಗಲಿ ದಾರ, ಎಲಾಸ್ಟಿಕ್, ಲೈನಿಂಗ್ ಬಟ್ಟೆ ಎಲ್ಲವೂ ಸಿಗುತ್ತವೆ. ತೆಳು ಹತ್ತಿ ಮತ್ತು ರೇಷ್ಮೆಗೆ 11ನೇ ನಂಬರಿನ ಸೂಜಿ, ಅಂಗಿಯ ಬಟ್ಟೆಗೆ 14, ಜೀನ್ಸ್‌ಗೆ 16 ಸರಿಹೋಗುತ್ತದೆ. ಹೊಲಿಗೆ ತೀರಾ ಸಣ್ಣದಾದರೆ ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದು ಹಳೆಯ ಬಟ್ಟೆ ಆ ಸಾಲಿನಲ್ಲೇ ಹರಿಯುವುದರಿಂದ, ಯಂತ್ರವನ್ನು ಎರಡೂವರೆಯಿಂದ ಮೂರು ಮಿಲಿಮೀಟರಿಗೆ ಇಡಬೇಕು. ಮೆತ್ತಗಾದ ಹತ್ತಿಗೆ ಹತ್ತಿಯ ದಾರವೇ ಸರಿ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿಯಾಗಿ ನಿಂತು ಅದನ್ನೇ ಕೊಯ್ಯುತ್ತದೆ.

ಅಪ್ಪನ ಅಂಗಿಯಿಂದ ಎರಡು ವರ್ಷದ ಮಗುವಿಗೆ ಫ್ರಾಕು

ಹೊಸದಾಗಿ ಕೈಹಾಕುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತಿಳಿದಿಲ್ಲ. ಹೊಲಿಗೆಯಲ್ಲಿ ಕೈಗೆ ಕಷ್ಟವಾಗುವ ಕಾಜ, ಗುಂಡಿಪಟ್ಟಿ, ಕೆಳಗಿನ ಮಡಿಕೆ ಇವೆಲ್ಲ ಅಂಗಿಯಲ್ಲಿ ಆಗಲೇ ತಯಾರಾಗಿರುತ್ತವೆ. ಅವನ್ನು ಹಾಳುಮಾಡದೆ ಕತ್ತರಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಗುಂಡಿಪಟ್ಟಿ ಮಗುವಿನ ಬೆನ್ನಿಗೆ ಬರುವಂತೆ ಹೊಲಿದರೆ ತಲೆಯ ಮೇಲಿಂದ ಎಳೆದು ತೊಡಿಸುವ ತಾಪತ್ರಯವೂ ತಪ್ಪುತ್ತದೆ. ಇನ್ನೂ ಅಂಗಾತ ಮಲಗುವ ಕೂಸಾದರೆ ಬೆನ್ನಿಗೆ ಗುಂಡಿ ಒತ್ತುತ್ತದೆ, ಅದಕ್ಕೆ ಪಟ್ಟಿ ಮುಂದೆ ಬರಲಿ.

ಎದೆಯ ಸುತ್ತು 42 ಇಂಚು, ಉದ್ದ 30 ಇಂಚಿನಷ್ಟಿರುವ ಅಂಗಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಲ್ಲ ಗುಂಡಿಗಳನ್ನೂ ಹಾಕಿ, ಅಂಗಿಯನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರವಬೇಕು. ಕೆಳಗಿನ ಅಂಚಿನಿಂದ ಮೇಲಕ್ಕೆ ಹನ್ನೆರಡೂವರೆ ಇಂಚು ಅಳೆದು, ಅಡ್ಡಲಾಗಿ ನೇರ ಗೆರೆ ಎಳೆದು, ಮುಂಭಾಗ ಹಿಂಭಾಗ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕೆಳಗಿನ ಬಳೆಯಾಕಾರದ ತುಂಡು ಫ್ರಾಕಿನ ಘೇರು ಆಗುತ್ತದೆ. ಅಂಗಿಯ ಕೆಳತುದಿ ಕಮಾನಿನಂತೆ ಬಾಗಿದ್ದರೆ ಆ ಬಾಗನ್ನು ಮೊದಲೇ ನೇರಮಾಡಿ, ಮಡಿಸಿ ಹೊಲಿದ ಬಳಿಕವೇ ಅಳೆಯಬೇಕು. ಪಕ್ಕದ ಹೊಲಿಗೆಗಳನ್ನು ಬಿಚ್ಚಬೇಕಾಗಿಲ್ಲ.

ಮೇಲೆ ಉಳಿದ ಭಾಗದಲ್ಲಿ ಎದೆಯ ತುಂಡುಗಳು. ಮಗುವಿಗೆ ಚೆನ್ನಾಗಿ ಹೊಂದುವ ಒಂದು ಫ್ರಾಕನ್ನು ದಿನಪತ್ರಿಕೆಯ ಹಾಳೆಯ ಮೇಲೆ ಹರವಿ, ಸುತ್ತಲೂ ಗೆರೆ ಎಳೆದು, ಹೊಲಿಗೆಗೆ ಅರ್ಧ ಇಂಚು ಸೇರಿಸಿ ಕತ್ತರಿಸಿದ ಕಾಗದವೇ ಅತ್ಯಂತ ನಂಬಿಕಸ್ಥ ಅಳತೆ. ವಯಸ್ಸು ನೋಡಿ ಅಳತೆ ಹೇಳುವ ಪಟ್ಟಿಗಳನ್ನು ಕುರುಡಾಗಿ ನಂಬುವುದಕ್ಕಿಂತ ಇದು ಮೇಲು, ಏಕೆಂದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳ ಎದೆ ಒಂದೇ ಅಳತೆಗೆ ಬರುವುದು ಕಡಿಮೆ. ಅಂದಾಜಿಗೆ ಹೇಳುವುದಾದರೆ, ಎರಡು ವರ್ಷಕ್ಕೆ ಎದೆಸುತ್ತು 20ರಿಂದ 21 ಇಂಚು ಇರುತ್ತದೆ; ಆಡಲು ಓಡಲು ಮೂರು ಇಂಚು ಸಡಿಲ ಕೊಟ್ಟು, ಹೊಲಿದ ಮೇಲೆ 24 ಇಂಚು ಬರುವಂತೆ ನೋಡಿಕೊಳ್ಳಬೇಕು. ಫ್ರಾಕಿನ ಮುಂಭಾಗವನ್ನು ಅಂಗಿಯ ಬೆನ್ನಿನಿಂದ ಒಂದೇ ತುಂಡಾಗಿಯೂ, ಫ್ರಾಕಿನ ಬೆನ್ನನ್ನು ಅಂಗಿಯ ಮುಂಭಾಗದಿಂದ ಗುಂಡಿ ಹಾಕಿದ ಸ್ಥಿತಿಯಲ್ಲೇ, ಪಟ್ಟಿ ಸರಿಯಾಗಿ ನಡುವೆ ಬರುವಂತೆಯೂ ಕತ್ತರಿಸಬೇಕು. ಕಾಗದವನ್ನು ಮೇಲೆ ಕೆಳಗೆ ಸರಿಸಿ, ಕಂಕುಳಿನ ಕಲೆ ಹೊರಗುಳಿಯುವ ಜಾಗವನ್ನು ಹುಡುಕಿಕೊಳ್ಳಲು ಇಲ್ಲಿ ಧಾರಾಳ ಅವಕಾಶವಿದೆ. ಅಡ್ಡ ಬರುವುದು ಜೇಬು. ಅದನ್ನು ಬಿಚ್ಚಿದರೆ ಒಳಗಿನ ಬಟ್ಟೆ ಬಣ್ಣ ಮಾಸದೆ ಗಾಢವಾದ ಚೌಕವಾಗಿ ಎದ್ದು ಕಾಣುತ್ತದೆ. ಕಾಗದವನ್ನು ಸರಿಸಿಯೂ ಆ ಜಾಗವನ್ನು ತಪ್ಪಿಸಲಾಗದಿದ್ದರೆ ಜೇಬನ್ನು ಬಿಚ್ಚದೆ ಹಾಗೆಯೇ ಬಿಡುವುದು ವಾಸಿ. ಜೇಬು ಕಾಗದದ ಹೊರಗುಳಿದರೆ ಅದನ್ನು ಬಿಚ್ಚಿ ಘೇರಿನ ಮೇಲೆ ಹೊಲಿದರೆ ಮಕ್ಕಳಿಗೆ ಅದೇ ದೊಡ್ಡ ಆಕರ್ಷಣೆ.

ಹೆಗಲು ಮತ್ತು ಪಕ್ಕಗಳನ್ನು ಕೂಡಿಸಿದ ಮೇಲೆ ಕತ್ತಿಗೂ ತೋಳಿನ ಸುತ್ತಿಗೂ ಪಟ್ಟಿ ಕೊಡಬೇಕು. ಅಂಗಿಯ ತೋಳುಗಳನ್ನು ಬಿಚ್ಚಿ ಹರವಿ, 45 ಡಿಗ್ರಿ ಓರೆಯಲ್ಲಿ ಒಂದೂಕಾಲು ಇಂಚು ಅಗಲದ ಕ್ರಾಸ್ ಪಟ್ಟಿಗಳನ್ನು ಕತ್ತರಿಸಿಕೊಳ್ಳಬೇಕು. ನೇರಪಟ್ಟಿ ಬಾಗಿನಲ್ಲಿ ಸುಕ್ಕುಗಟ್ಟುತ್ತದೆ. ಓರೆಪಟ್ಟಿ ಎಳೆದಂತೆ ಬಗ್ಗುತ್ತದೆ. ಆ ಮೇಲೆ ಘೇರಿನ ಸರದಿ. ಯಂತ್ರದ ಅತಿ ಉದ್ದದ ಹೊಲಿಗೆಯಲ್ಲಿ, ಕಾಲು ಇಂಚು ಅಂತರದ ಎರಡು ಸಾಲು ಹಾಕಿ, ಕೆಳದಾರಗಳೆರಡನ್ನೂ ಒಟ್ಟಿಗೆ ಎಳೆದರೆ ನೆರಿಗೆ ಸಮನಾಗಿ ಕೂಡುತ್ತದೆ. ಸಾಲುಗಳು ಗುಂಡಿಪಟ್ಟಿಯ ಒಂದು ಬದಿಯಲ್ಲಿ ಆರಂಭವಾಗಿ ಇನ್ನೊಂದು ಬದಿಯಲ್ಲಿ ನಿಲ್ಲಬೇಕು. ಪಟ್ಟಿಯ ಮೇಲೆ ನೆರಿಗೆ ಬೀಳಬಾರದು. ಘೇರನ್ನೂ ಎದೆಭಾಗವನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಹಾಕಿಕೊಂಡು, ಗುರುತಿಗೆ ಗುರುತು ಸೇರಿಸಿ, ಕಚ್ಚಾ ಹೊಲಿಗೆ ಹಾಕಿ, ಗುಂಡಿಗಳ ಸಾಲು ಮೇಲಿಂದ ಕೆಳಗೆ ನೆಟ್ಟಗಿದೆಯೇ ಎಂದು ನೋಡಿದ ಮೇಲೆ ಯಂತ್ರಕ್ಕೆ ಕೊಡಬೇಕು. ಕೂಡಿಸುವ ಹೊಲಿಗೆಯ ಮೇಲೆಯೇ ಗುಂಡಿ ಬಂದರೆ ಯಂತ್ರ ಅಲ್ಲಿ ಸಾಗದು. ಆ ಗುಂಡಿಯನ್ನು ಮೊದಲೇ ತೆಗೆದಿಟ್ಟು ಅರ್ಧ ಇಂಚು ಕೆಳಗೆ ಪ್ರೆಸ್ ಗುಂಡಿ ಹೊಲಿಯಬಹುದು. ಉಳಿದ ಗುಂಡಿಗಳೆಲ್ಲವನ್ನೂ ಒಮ್ಮೆ ಎಳೆದು ನೋಡಿ, ಸಡಿಲವಾದದ್ದನ್ನು ಎರಡೆಳೆ ದಾರದಲ್ಲಿ ಮತ್ತೆ ಹೊಲಿಯಬೇಕು, ಏಕೆಂದರೆ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಕ್ಕ ಗುಂಡಿ ಬಾಯಿಗೇ ಹೋಗುತ್ತದೆ.

ಗುಂಡಿಯಿಲ್ಲದ ಮಾದರಿ ಹೊಲಿಯುವವರು ಒಂದು ಲೆಕ್ಕ ನೆನಪಿಡಬೇಕು. ವರ್ಷದ ಮಗುವಿನ ತಲೆಸುತ್ತು ಸುಮಾರು 18 ಇಂಚು, ಎರಡು ವರ್ಷಕ್ಕೆ ಸುಮಾರು 19. ಕತ್ತಿನ ಸುತ್ತು ಅದಕ್ಕಿಂತ ಒಂದು ಇಂಚಾದರೂ ಹೆಚ್ಚಿರದಿದ್ದರೆ ತಲೆ ತೂರುವುದಿಲ್ಲ.

ಪ್ಯಾಂಟಿನ ಮೊಣಕಾಲ ಕೆಳಗಿನ ಭಾಗದಿಂದ ಚಡ್ಡಿ ಹೊಲಿಯುವುದು ಇನ್ನೂ ಸುಲಭ. ಒಂದೊಂದು ಕಾಲು ಚಡ್ಡಿಯ ಒಂದೊಂದು ಕಾಲಾಗುತ್ತದೆ, ಕೆಳಮಡಿಕೆ ಇದ್ದಂತೆಯೇ ಇರುತ್ತದೆ. ಮೇಲೆ ತೊಡೆಸಂದಿನ ಬಾಗು ಕತ್ತರಿಸಿ, ಎರಡನ್ನೂ ಕೂಡಿಸಿ, ಸೊಂಟಕ್ಕೆ ಎಲಾಸ್ಟಿಕ್ ಹಾಕಿದರೆ ಮುಗಿಯಿತು.

ಪಂಚೆಯಿಂದ ಎಳೆಗೂಸಿನ ಅಂಗಿ

ಹುಟ್ಟಿದ ಮಗುವಿಗೆ ಮೊದಲ ದಿನಗಳಲ್ಲಿ ಒಗೆದು ಮೆತ್ತಗಾದ ಹಳೆಯ ಬಟ್ಟೆಯನ್ನೇ ಹಾಕುವ ರೂಢಿ ನಮ್ಮ ಕಡೆಯ ಅನೇಕ ಮನೆಗಳಲ್ಲಿದೆ. ಅದಕ್ಕೆ ಮೇಲುಕೋಟೆಯ ಕೈಮಗ್ಗದ ಹಳೆಯ ಪಂಚೆಗೆ ಸಮನಾದದ್ದಿಲ್ಲ: ಗಂಜಿಯೆಲ್ಲ ಹೋಗಿ, ಬೆವರು ಹೀರುವ ಗುಣ ಉಳಿದಿರುತ್ತದೆ. 11 ಇಂಚು ಅಗಲ, 22 ಇಂಚು ಉದ್ದದ ತುಂಡನ್ನು ನಡುವೆ ಮಡಿಸಿದರೆ ಮಡಿಕೆಯೇ ಹೆಗಲಾಗುತ್ತದೆ, ಅಲ್ಲಿ ಹೊಲಿಗೆ ಬೇಡ. ಮಡಿಕೆಯ ನಡುವೆ ಮೂರೂವರೆ ಇಂಚು ಅಗಲಕ್ಕೆ ಕತ್ತು ತೆಗೆದು, ಮುಂಭಾಗವನ್ನು ನಡುವೆ ಉದ್ದಕ್ಕೂ ಸೀಳಿ, ತೋಳಿಗೆ ಮಡಿಕೆಯಿಂದ ನಾಲ್ಕು ಇಂಚು ಬಿಟ್ಟು ಪಕ್ಕಗಳನ್ನು ಹೊಲಿಯಬೇಕು. ಒಳಹೊಲಿಗೆಯ ಏಣು ಚರ್ಮಕ್ಕೆ ಉಜ್ಜದಂತೆ ಹೊಲಿಗೆಯನ್ನು ಹೊರಮುಖವಾಗಿ ಬಿಟ್ಟು ಮಡಿಸಿ ಕೂರಿಸುವುದು ಒಳ್ಳೆಯದು. ನೋಟಕ್ಕೆ ಕೊಂಚ ವಿಚಿತ್ರವಾದರೂ ಕೂಸಿಗೆ ಹಿತ. ಕಟ್ಟಲು ಎದೆಯ ಮಟ್ಟದಲ್ಲಿ ಬಟ್ಟೆಯ ಗಿಡ್ಡ ಲಾಡಿಗಳು ಸಾಕು, ನಾಲ್ಕೈದು ಇಂಚಿಗಿಂತ ಉದ್ದ ಬೇಡ. ಕತ್ತಿನ ಸುತ್ತ ಲಾಡಿಯನ್ನಾಗಲಿ ದಾರವನ್ನಾಗಲಿ ಎಂದೂ ಪೋಣಿಸಬಾರದು. ತೊಟ್ಟಿಲಿಗೆ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ.

ರೇಷ್ಮೆ ಸೀರೆಯಿಂದ ಲಂಗ

ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದು 1912ರಲ್ಲಿ. ಹಾಗಾಗಿ ಇಲ್ಲಿನ ಬಹಳಷ್ಟು ಮನೆಗಳಲ್ಲಿ ಅಜ್ಜಿಯ ಕಾಲದ ಮೈಸೂರು ರೇಷ್ಮೆ ಸೀರೆಯೊಂದು ಇದ್ದೇ ಇರುತ್ತದೆ. ಇದು ಕ್ರೇಪ್ ಬಟ್ಟೆ, ಅಂದರೆ ಬಿಗಿಯಾಗಿ ಹುರಿಮಾಡಿದ ನೂಲಿನದು. ನೀರು ತಗುಲಿದರೆ ಕುಗ್ಗುತ್ತದೆ, ಕತ್ತರಿಸುವಾಗ ಕೈಯಿಂದ ಜಾರುತ್ತದೆ. ಕೆಳಗೆ ಹಳೆಯ ಹತ್ತಿ ಬೆಡ್‌ಶೀಟ್ ಹಾಸಿಕೊಂಡು, ನೀರು ಚಿಮುಕಿಸದೆ ಹಗುರ ಬಿಸಿಯಲ್ಲಿ ಇಸ್ತ್ರಿ ಮಾಡಿ, ಸಣ್ಣ ಗುಂಡುಸೂಜಿಗಳನ್ನು ಹೊಲಿಗೆಗೆ ಬಿಟ್ಟ ಅಂಚಿನೊಳಗಷ್ಟೇ ಚುಚ್ಚಿ ಕತ್ತರಿಸಬೇಕು.

ರೇಷ್ಮೆ ಹಿಸಿಯುವುದು ಮಡಿಕೆಯಲ್ಲಿ. ಸೀರೆಯನ್ನು ಅಗಲಕ್ಕೆ ಎರಡಾಗಿ ಮಡಿಸಿಡುವುದರಿಂದ ಒಂದು ಗೆರೆ ಅಂಚಿನಿಂದ 22, 23 ಇಂಚು ಮೇಲೆ, ಸೀರೆಯ ಉದ್ದಕ್ಕೂ ಹೋಗಿರುತ್ತದೆ. ನಾಲ್ಕು ವರ್ಷದ ಮಗುವಿನ ಲಂಗಕ್ಕೆ ಅಂಚನ್ನು ಕೆಳಗಿಟ್ಟು ಅಳೆದರೆ ಈ ಗೆರೆ ಹೆಚ್ಚುಕಡಿಮೆ ಸೊಂಟಕ್ಕೇ ಬರುತ್ತದೆ. ಅಲ್ಲಿಯೇ ಕತ್ತರಿಸಿದರೆ ಅದು ಹೊಲಿಗೆಯೊಳಗೆ ಮುಚ್ಚಿಹೋಗುತ್ತದೆ. ಜರಿ ಅಂಚಿನಲ್ಲಿ ಅಡ್ಡ ಬಿರುಕುಗಳಿದ್ದರೆ ಒಳಗಿನಿಂದ ಅದೇ ಬಣ್ಣದ ಹತ್ತಿಯ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಕೂರಿಸಬೇಕು. ಲಂಗದ ಸುತ್ತಿಗೆ ಎರಡರಿಂದ ಎರಡೂವರೆ ಮೀಟರ್ ಸಾಕು, ಆದ್ದರಿಂದ ಐದೂವರೆ ಮೀಟರ್ ಸೀರೆಯಲ್ಲಿ ಗಟ್ಟಿಯಾದ ಭಾಗವನ್ನಷ್ಟೇ ಆರಿಸಿಕೊಳ್ಳಬಹುದು.

ಪುಟ್ಟ ಮಕ್ಕಳಿಗೆ ಲಂಗ ನಿಲ್ಲುವ ಸೊಂಟ ಇರುವುದಿಲ್ಲ. ಲಾಡಿ ಬಿಗಿದರೆ ಗಾಯವಾಗುತ್ತದೆ, ಸಡಿಲಿಸಿದರೆ ಜಾರುತ್ತದೆ. ಒಗೆದು ಕುಗ್ಗಿಸಿದ ಮಲ್ ಎಂಬ ತೆಳು ಹತ್ತಿ ಬಟ್ಟೆಯಲ್ಲಿ ತೋಳಿಲ್ಲದ ಒಳಬಾಡಿ ಹೊಲಿದು, ಲಂಗವನ್ನು ಅದಕ್ಕೆ ಕೂಡಿಸಿದರೆ ಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ. ಜರಿ ಚುಚ್ಚದಂತೆ ಲಂಗಕ್ಕೂ ರವಿಕೆಗೂ ಪೂರ್ತಿ ಲೈನಿಂಗ್ ಬೇಕೇ ಬೇಕು. ಬೆಳೆಯುವ ಮಗುವಿಗಾಗಿ ಒಳಬಾಡಿಯ ಕೆಳಗೆ ಅರ್ಧರ್ಧ ಇಂಚಿನ ಮೂರು ಮಡಿಕೆ ಹೊಲಿದಿಟ್ಟರೆ, ಒಂದೊಂದು ಬಿಚ್ಚಿದಾಗಲೂ ಒಂದು ಇಂಚು ಉದ್ದ ಸಿಗುತ್ತದೆ. ಅದನ್ನು ಮಲ್ ಬಟ್ಟೆಯಲ್ಲೇ ಹಾಕುವುದು ಜಾಣತನ, ಏಕೆಂದರೆ ರೇಷ್ಮೆಯಲ್ಲಿ ಬಿಚ್ಚಿದ ಹೊಲಿಗೆಯ ತೂತು ಮುಚ್ಚುವುದಿಲ್ಲ.

ತುಂಡುಗಳು

ಲಂಗದಲ್ಲಿ ಉಳಿದ ರೇಷ್ಮೆಯ ನಾಲ್ಕು ಇಂಚು ಅಗಲ, 20 ಇಂಚು ಉದ್ದದ ಪಟ್ಟಿಯನ್ನು ಕೊಳವೆಯಂತೆ ಹೊಲಿದು, ತಿರುವಿ, ಒಳಗೆ ಎಲಾಸ್ಟಿಕ್ ಪೋಣಿಸಿದರೆ ಜಡೆಗೆ ಹಾಕುವ ಸ್ಕ್ರಂಚಿಯಾಗುತ್ತದೆ. ಅಂಗಿಯ ತೋಳು ಎರಡು ಪದರದ ಬಿಬ್ಬಿಗೆ ಸರಿಯಾಗುತ್ತದೆ. ಒಳಪದರಕ್ಕೆ ಹಳೆಯ ಟರ್ಕಿ ಟವೆಲ್ ಹಾಕಿದರೆ ಜೊಲ್ಲು ಕೆಳಗಿಳಿಯುವುದಿಲ್ಲ. ಕತ್ತಿನ ಹಿಂದೆ ಕಟ್ಟುವ ದಾರದ ಬದಲು ಎಳೆದರೆ ಬಿಚ್ಚಿಕೊಳ್ಳುವ ವೆಲ್ಕ್ರೋ ಇರಲಿ.

ಕುಲಾವಿಗೆ ಪಂಚೆಯ ತುಂಡೇ ಆಗಬೇಕು. ಆರು ತಿಂಗಳ ಮಗುವಿಗೆ 14 ಇಂಚು ಉದ್ದ, ಏಳು ಇಂಚು ಅಗಲದ ತುಂಡು ತೆಗೆದುಕೊಂಡು, ಪಂಚೆಯ ಬಣ್ಣದ ಅಂಚು ಹಣೆಯ ಕಡೆಗೆ ಬರುವಂತೆ ಇಟ್ಟರೆ ಮುಂದೆ ಮಡಿಸಿ ಹೊಲಿಯುವ ಕೆಲಸವೇ ಇಲ್ಲ. ಎರಡು ಗಿಡ್ಡ ಬದಿಗಳನ್ನು ಸಣ್ಣಗೆ ಮಡಿಸಿ ಹೊಲಿದು, ಹಿಂದಿನ ಉದ್ದ ಅಂಚಿನಲ್ಲಿ ಅರ್ಧ ಇಂಚಿನ ಕೊಳವೆ ಬಿಟ್ಟು, ಅದರೊಳಗೆ ಲಾಡಿ ಹಾಯಿಸಿ ತಲೆಯ ಹಿಂಭಾಗಕ್ಕೆ ಹೊಂದುವಷ್ಟು ಸೆಳೆಯಬೇಕು. ಸೆಳೆದ ಮೇಲೆ ತುದಿಗಳನ್ನು ಹೊರಗೆ ಜೋತುಬಿಡದೆ ಕೊಳವೆಯೊಳಗೇ ಸೇರಿಸಿ ಕೈಯಲ್ಲಿ ಹೊಲಿದುಬಿಡಬೇಕು. ತಲೆ ದೊಡ್ಡದಾದಾಗ ಆ ನಾಲ್ಕು ಹೊಲಿಗೆ ಬಿಚ್ಚಿ, ಲಾಡಿಯನ್ನು ಒಂದಿಷ್ಟು ಸಡಿಲಿಸಿ, ಮತ್ತೆ ಹೊಲಿದರೆ ಅದೇ ಕುಲಾವಿ ಇನ್ನೂ ಕೆಲವು ತಿಂಗಳು ಬರುತ್ತದೆ. ಗದ್ದದ ಕೆಳಗೆ ಕಟ್ಟುವ ಲಾಡಿ ಬೇಕೆನಿಸಿದರೆ ಗಿಡ್ಡದಾಗಿರಲಿ, ಮತ್ತು ಮಗುವನ್ನು ಮಲಗಿಸುವ ಮುನ್ನ ಕುಲಾವಿಯನ್ನು ತೆಗೆದಿಡಬೇಕು.