ಭತ್ತದ ಚೀಲದಿಂದ ಪತಂಗ ಏಳುವ ಮುನ್ನ

ಭತ್ತದ ಚೀಲದ ಬಾಯಿ ಬಿಚ್ಚಿದೊಡನೆ ಒಣಹುಲ್ಲಿನ ಬಣ್ಣದ ಪುಟ್ಟ ಪತಂಗಗಳು ಎದ್ದವೆಂದರೆ, ಒಳಗೆ ಕೆಲಸ ಕೆಟ್ಟು ತಿಂಗಳಾಗಿದೆ ಎಂದೇ ತಿಳಿಯಿರಿ. ಪತಂಗ ಕಾಳು ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು. ಒಂದೇ ಕಾಳಿನೊಳಗೆ ಹೊಕ್ಕು, ತಿರುಳು ಮುಗಿಸಿ, ಅಲ್ಲೇ ಕೋಶವಾಗುತ್ತದೆ. ಜೋಳದ ಕಾಳೊಂದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ದುಂಡನೆಯ ಗುರುತು, ಅದರ ಮೇಲೆ ಸಿಪ್ಪೆಯ ತೆಳು ಮುಚ್ಚಳ ಕಾಣುತ್ತದೆ. ಹೊರಬರುವ ಬಾಗಿಲನ್ನು ಹುಳು ಮೊದಲೇ ಕೊರೆದಿಟ್ಟಿರುತ್ತದೆ. ಮುಚ್ಚಳ ಕಳಚಿಲ್ಲವೆಂದರೆ ಅದಿನ್ನೂ ಒಳಗಿದೆ.

ತೆನೆ ಬಲಿಯುವಾಗ ಹೊಲದಲ್ಲೇ ಮೊಟ್ಟೆ ಬಿದ್ದಿರುತ್ತದೆ. ಹಾಗಾಗಿ ಬಲಿತ ಬೆಳೆಯನ್ನು ಹೊಲದಲ್ಲಿ ಬಿಡಬೇಡಿ, ಒಣಗಿಸುವುದರಲ್ಲಿ ಅವಸರ ಮಾಡಬೇಡಿ. ಒಂದು ವರ್ಷ ಮೋಡ ಕವಿದಿದೆಯೆಂದು ಎರಡೇ ದಿನ ಹರವಿ ಬಿತ್ತನೆಯ ಭತ್ತವನ್ನು ಕಟ್ಟಿಟ್ಟೆ. ಸಸಿಮಡಿಗೆಂದು ನೆನೆಸಿದಾಗ ನೀರಿನ ಮೇಲೆ ತೇಲಿದ್ದು ಬರೀ ಟೊಳ್ಳು. ಅಂದಿನಿಂದ ಹಲ್ಲಿಗಿಟ್ಟು ನೋಡದೆ ಚೀಲ ಕಟ್ಟುವುದಿಲ್ಲ. ಕಚ್ಚಿದರೆ ಕಾಳು ಕಟಕ್ಕನೆ ಎರಡಾಗಬೇಕು. ತೇವಾಂಶ ಶೇಕಡ 12ಕ್ಕಿಂತ ಕೆಳಗಿರಲಿ ಎಂದು ಕೃಷಿಯವರು ಹೇಳುವುದೂ ಇದನ್ನೇ. ಫ್ರಾನ್ಸಿನ ಅಂಗುಮ್ವಾ ಪ್ರಾಂತ್ಯದಲ್ಲಿ 18ನೇ ಶತಮಾನದಲ್ಲಿ ಇದೇ ಪತಂಗ ಗೋಧಿಯನ್ನು ಹಾಳುಗೆಡವಿದಾಗ ಕಾಳನ್ನು ಒಲೆಯ ಕಾವಿನಲ್ಲಿ ಬಿಸಿಮಾಡುವ ಉಪಾಯ ಹುಡುಕಿದ್ದರು. ನಮಗೆ ಬಿಸಿಲೇ ಇದೆ. ಬೀಜದ ಕಾಳನ್ನು ಮಾತ್ರ ನಡುಮಧ್ಯಾಹ್ನ ಕಾದ ಸಿಮೆಂಟಿನ ಮೇಲೆ ಹರವಬೇಡಿ, ಮೊಳಕೆ ಸಾಯುತ್ತದೆ. ಬಿಸಿ ಆರಿದ ಮೇಲೆಯೇ ತುಂಬಿ.

ಹಳೆಯ ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ, ಒಳಹೊರಗು ತಿರುವಿ ಒಣಗಿಸಿ. ಹಳೆಯ ಕಾಳಿಗೆ ಹೊಸದನ್ನು ಸುರಿಯುವ ಅಭ್ಯಾಸ ಬಿಡಿ. ಈ ಪತಂಗಕ್ಕೆ ರಾಶಿಯ ಆಳಕ್ಕೆ ಇಳಿಯುವ ಶಕ್ತಿಯಿಲ್ಲ, ಮೇಲಿನ ಪದರದಲ್ಲೇ ಅದರ ಸಂಸಾರ. ಕಣಜ ತುಂಬಿದ ಮೇಲೆ ಜರಡಿ ಹಿಡಿದ ಸೌದೆಯ ಬೂದಿಯನ್ನು ಎರಡು ಬೆರಳು ದಪ್ಪಕ್ಕೆ ಹಾಸಿದರೆ ಹೊರಗಿನ ಪತಂಗ ಕಾಳನ್ನು ಮುಟ್ಟಲಾರದು. ಬಳಸುವಾಗ ಮೊರದಲ್ಲಿ ಕೇರಿದರಾಯಿತು. ಬೇವಿನ ಎಲೆ, ಲಕ್ಕಿ ಎಲೆ ಹಾಕುವವರು ನೆರಳಲ್ಲಿ ಒಣಗಿಸಿ ಹಾಕಿ. ಹಸಿ ಎಲೆ ಕಾಳಿಗೆ ತೇವ ಕೊಡುತ್ತದೆ.

ಅಕ್ಕಿ, ರವೆಯಲ್ಲಿ ಎಳೆಎಳೆಯಾಗಿ ಬಲೆ ಕಟ್ಟುವುದು ಬೇರೆ ಪತಂಗ. ಅದಕ್ಕೆ ಜರಡಿಯೂ ಬಿಗಿ ಮುಚ್ಚಳದ ಡಬ್ಬಿಯೂ ಸಾಕು.

ಹುಳು ಹೆಚ್ಚಾಯಿತೆಂದು ಅಂಗಡಿಯ ವಿಷದ ಮಾತ್ರೆ ತಂದು ಚೀಲದಲ್ಲಿ ಇಡಲೇಬೇಡಿ. ಅದರ ಅನಿಲ ಚೀಲ ದಾಟಿ ಮಲಗುವ ಕೋಣೆಗೂ ಬರುತ್ತದೆ, ನಿದ್ದೆಯಲ್ಲಿರುವ ಮಕ್ಕಳ ಜೀವ ತೆಗೆಯಬಲ್ಲದು. ಹುಳು ಬಿದ್ದ ಭತ್ತವನ್ನು ಕೋಳಿಗೆ ಹಾಕಿ, ಉಳಿದದ್ದನ್ನು ಮತ್ತೆ ಬಿಸಿಲಿಗೆ ಹರವಿ.