ಕೋಳಿಗರಿಯನ್ನು ಬಿಡಿಸಿ ನೋಡುವುದು ಹೇಗೆ?

ತೆಂಗಿನ ಮರದಿಂದ ಬೀಳುವುದೂ ಗರಿ, ಕೋಳಿಯ ರೆಕ್ಕೆಯಿಂದ ಉದುರುವುದೂ ಗರಿ. ಎರಡಕ್ಕೂ ಒಂದೇ ಹೆಸರಿಟ್ಟವರು ಚೆನ್ನಾಗಿ ನೋಡಿಯೇ ಇಟ್ಟಿದ್ದಾರೆ: ನಡುವೆ ದಿಂಡು, ಎರಡೂ ಬದಿಗೆ ಓರೆಯಾಗಿ ಹೊರಟ ಎಳೆಗಳು. ಗರಿಯ ಭಾಗಗಳ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿ ಮರೆಯುವ ಮಕ್ಕಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗರಿ ಕೈಯಲ್ಲಿದ್ದರೆ ಅವು ಒಂದೇ ಸಂಜೆಯಲ್ಲಿ ತಲೆಗೆ ಹತ್ತುತ್ತವೆ.

ನಾಟಿ ಕೋಳಿಯ ರೆಕ್ಕೆಯ ಗರಿ ಒಂದು, ಮೈಗರಿ ಒಂದು, ಭೂತಗನ್ನಡಿ, ಕತ್ತರಿ ಇಷ್ಟು ಸಾಕು. ಕಾಯಿಲೆ ಬಿದ್ದ ಅಥವಾ ಸತ್ತುಬಿದ್ದ ಹಕ್ಕಿಯ ಗರಿಯನ್ನು ಮುಟ್ಟಬೇಡಿ. ಆರಿಸಿದ ಗರಿಯನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.

ಮೊದಲು ರೆಕ್ಕೆಯ ಗರಿಯ ಬುಡ ನೋಡಿ. ಚರ್ಮದೊಳಗೆ ಹೂತಿದ್ದ ಬೋಳು ಕೊಳವೆಯೇ ಕ್ಯಾಲಮಸ್. ಲ್ಯಾಟಿನ್‌ನಲ್ಲಿ ಅದಕ್ಕೆ ಜೊಂಡು, ಜೊಂಡಿನ ಲೇಖನಿ ಎಂಬ ಅರ್ಥ. ಅದರ ಮೂಲವಾದ ಗ್ರೀಕ್ ಪದವೇ ಅರಬ್ಬಿಯಲ್ಲಿ ‘ಕಲಮ್’ ಆಗಿ, ನಮ್ಮ ಕಾನೂನು ಪುಸ್ತಕಗಳ ‘ಕಲಂ’ ಆಗಿ ಬಂದಿದೆ. ಕೊಳವೆಯ ತುದಿಯ ಪುಟ್ಟ ತೂತಿಗೆ ಅಂಬಿಲೈಕಸ್, ಅಂದರೆ ಹೊಕ್ಕುಳು ಎಂದು ಹೆಸರು. ಗರಿ ಬೆಳೆಯುವಾಗ ರಕ್ತ ಹರಿದುಬಂದದ್ದು ಈ ದಾರಿಯಲ್ಲೇ. ಬೆಳೆದು ಮುಗಿದ ಗರಿ ಉಗುರಿನಂತೆ ನಿರ್ಜೀವ.

ಎಳೆಗಳು ಶುರುವಾದಲ್ಲಿಂದ ದಿಂಡಿಗೆ ರೇಕಿಸ್ ಎನ್ನುತ್ತಾರೆ, ಗ್ರೀಕ್‌ನಲ್ಲಿ ಬೆನ್ನೆಲುಬು. ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಬಿಳಿ ಬೆಂಡು ಕಾಣುತ್ತದೆ. ಎರಡೂ ಬದಿಯ ಹಾಳೆಯಂಥ ಭಾಗ ವೇನ್. ಅದರಲ್ಲಿ ಕಿರಿದಾದ ಬದಿ ಹಾರುವಾಗ ಗಾಳಿಗೆ ಎದುರಾಗುವ ಅಂಚು.

ಈಗ ಆತುರಪಡದೆ ಮಾಡಬೇಕಾದ ಕೆಲಸ. ವೇನನ್ನು ತುದಿಯಿಂದ ಬುಡದ ಕಡೆಗೆ ಸವರಿ. ಅದು ಅಲ್ಲಲ್ಲಿ ಸೀಳಿ ಎಳೆಎಳೆಯಾಗುತ್ತದೆ. ಈ ಒಂದೊಂದು ಎಳೆಯೂ ಬಾರ್ಬ್. ‘ಗಡ್ಡ’ ಎಂಬ ಲ್ಯಾಟಿನ್ ಪದದಿಂದ ಬಂದದ್ದು. ಬಳಿಕ ಸೀಳಿದ ಜಾಗವನ್ನು ಎರಡು ಬೆರಳಿನ ನಡುವೆ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಎಳೆಯಿರಿ. ನಾಲ್ಕೈದು ಸಲ ಎಳೆಯುವಷ್ಟರಲ್ಲಿ ಸೀಳು ಕೂಡಿಕೊಳ್ಳುತ್ತದೆ! ತೆಂಗಿನ ಗರಿ ಸೀಳಿದರೆ ಸೀಳಿದ್ದೇ. ಹಕ್ಕಿಯ ಗರಿ ಮತ್ತೆ ಬೆಸೆದುಕೊಳ್ಳುತ್ತದೆ. ಹಕ್ಕಿ ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗ ಮಾಡುವುದೂ ಇದನ್ನೇ.

ಬೆಸೆಯುವ ಗುಟ್ಟು ನೋಡಲು ಎರಡು ಮೂರು ಬಾರ್ಬ್‌ಗಳಿರುವ ಚೂರನ್ನು ಕತ್ತರಿಸಿಕೊಳ್ಳಿ. ಭೂತಗನ್ನಡಿಯಲ್ಲಿ ಪ್ರತಿ ಬಾರ್ಬ್‌ನ ಎರಡೂ ಬದಿಗೆ ನವಿರಾದ ಕುಚ್ಚು ಕಾಣುತ್ತದೆ. ಅವೇ ಬಾರ್ಬ್ಯೂಲ್‌ಗಳು, ಮರಿಗಡ್ಡಗಳು. ಅದಕ್ಕಿಂತ ಒಳಗೆ ಇಳಿಯಲು ಶಾಲೆಯ ಸೂಕ್ಷ್ಮದರ್ಶಕ ಬೇಕು. ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಕೂಡ ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಗರಿಯ ತುದಿಯತ್ತ ಮುಖ ಮಾಡಿದ ಬಾರ್ಬ್ಯೂಲ್‌ಗಳಲ್ಲಿ ಬಾಗಿದ ಕೊಕ್ಕೆಗಳ ಸಾಲಿದೆ. ಅವುಗಳಿಗೆ ಹ್ಯಾಮುಲೈ, ‘ಪುಟ್ಟ ಕೊಕ್ಕೆಗಳು’ ಎಂದೇ ಹೆಸರು. ಬುಡದತ್ತ ಮುಖ ಮಾಡಿದವುಗಳಲ್ಲಿ ಕೊಕ್ಕೆಯಿಲ್ಲ, ಮಡಚಿದ ಅಂಚಿದೆ. ಒಂದು ಬಾರ್ಬ್‌ನ ಕೊಕ್ಕೆ ಮುಂದಿನ ಬಾರ್ಬ್‌ನ ಅಂಚನ್ನು ಹಿಡಿಯುತ್ತದೆ. ನೀವು ಬೆರಳಿನಿಂದ ಎಳೆದಾಗ ಇಂಥ ಸಾವಿರಾರು ಕೊಕ್ಕೆಗಳು ಸಿಕ್ಕಿಕೊಂಡವು.

ಮೈಗರಿಯ ಬುಡದಲ್ಲಿ ತುಪ್ಪುಳವಿದೆ. ಎಷ್ಟೇ ಸವರಿದರೂ ಅದು ಹಾಳೆಯಾಗುವುದಿಲ್ಲ, ಏಕೆಂದರೆ ಅಲ್ಲಿ ಕೊಕ್ಕೆಗಳಿಲ್ಲ. ಕೆದರಿದ ಎಳೆಗಳ ನಡುವೆ ಗಾಳಿ ನಿಂತು ಹಕ್ಕಿಯ ಮೈ ಬೆಚ್ಚಗಿರುತ್ತದೆ. ಕೋಳಿಯ ಗರಿ ಪೂರ್ತಿ ಕಿತ್ತ ಮೇಲೂ ಚರ್ಮದ ಮೇಲೆ ಉಳಿಯುವ, ಅಡುಗೆಗೆ ಮೊದಲು ಬೆಂಕಿಯಲ್ಲಿ ಸುಟ್ಟು ತೆಗೆಯುವ ‘ಕೂದಲು’ ಕೂದಲಲ್ಲ. ಅವು ಫೈಲೋಪ್ಲೂಮ್‌ಗಳು, ಪಕ್ಕದ ಗರಿ ಅಲುಗಿದ್ದನ್ನು ಬುಡದ ನರಗಳಿಗೆ ತಿಳಿಸುವ ಗರಿಗಳು.

ಚಿಕ್ಕಂದಿನಲ್ಲಿ ಮರಿ ಹಾಕುತ್ತದೆಂದು ಪುಸ್ತಕದೊಳಗೆ ಇಟ್ಟ ನವಿಲುಗರಿ ಇನ್ನೂ ಇದ್ದರೆ ತೆಗೆಯಿರಿ. ಕಿಟಕಿಗೆ ಹಿಡಿದು, ಬೆಳಕು ಹಿಂದಿನಿಂದ ಬರುವಂತೆ ಅದರ ‘ಕಣ್ಣು’ ನೋಡಿ. ನೀಲಿ, ಹಸಿರು ಅಳಿದು ಕಂದು ಮಾತ್ರ ಉಳಿಯುತ್ತದೆ. ಆ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ; ಬಾರ್ಬ್ಯೂಲ್‌ಗಳೊಳಗೆ ಮೆಲನಿನ್ ಎಂಬ ಕಂದುಗಪ್ಪು ವರ್ಣದ್ರವ್ಯದ ಕಡ್ಡಿಗಳು ಜಾಲರಿಯಂತೆ ಜೋಡಣೆಯಾಗಿ ಬೆಳಕಿನ ಕೆಲವು ಬಣ್ಣಗಳನ್ನಷ್ಟೇ ಹಿಂದಕ್ಕೆ ಕಳಿಸುತ್ತವೆ. ಗರಿಯನ್ನು ಕಿಟಕಿಯಿಂದ ಇಳಿಸಿ, ಬೆಳಕು ಅದರ ಮುಖದ ಮೇಲೆ ಬೀಳಲಿ. ನೀಲಿ ಮರಳಿ ಬರುತ್ತದೆ.